ಸೈಕಲ್ಲು ಹೊತ್ತ ಹೊರೆ

ಐವತ್ತು ದಾಟಿದ ಗೃಹಸ್ಥನಿಗೆ ಸೈಕಲ್ಲಿನ ಹುಚ್ಚು ಹಿಡಿದರೆ ಮನೆಮಂದಿ ಮೊದಲು ನಗುತ್ತಾರೆ, ಆಮೇಲೆ ಹೆದರುತ್ತಾರೆ, ಕೊನೆಗೆ ಲೆಕ್ಕ ಕೇಳುತ್ತಾರೆ. ನಗುವುದು ಮೈಗಂಟುವ ಬಣ್ಣಬಣ್ಣದ ಉಡುಪನ್ನು ಕಂಡು. ಹೆದರುವುದು ಬೆಳಕು ಹರಿಯುವ ಮುನ್ನ ಹೆದ್ದಾರಿಯಲ್ಲಿ ಓಡುವ ಲಾರಿಗಳನ್ನು ನೆನೆದು. ಲೆಕ್ಕ ಕೇಳುವುದು ವಾರಕ್ಕೊಂದರಂತೆ ಬಾಗಿಲಿಗೆ ಬಂದು ಬೀಳುವ ಕೊರಿಯರ್ ಪೊಟ್ಟಣಗಳನ್ನು ನೋಡಿ. ಶಿರಸಿ ತಾಲ್ಲೂಕಿನ ಮತ್ತಿಘಟ್ಟದಲ್ಲಿ ಹುಟ್ಟಿ ಬೆಳೆದು, ಹುಬ್ಬಳ್ಳಿಯಲ್ಲಿ ನೌಕರಿಗೆ ಸೇರಿ, ಅಲ್ಲಿಯೇ ಮನೆ ಮಾಡಿಕೊಂಡ ಗೃಹಸ್ಥರೊಬ್ಬರ ಸಂಸಾರ ಈ ಮೂರು ಹಂತಗಳನ್ನೂ ಕ್ರಮವಾಗಿ ಕಂಡಿತು.

ಹುಚ್ಚಿನ ಮೂಲವೇನೋ ಸಾಮಾನ್ಯವಾದದ್ದೇ. ಐವತ್ತೊಂದನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಪ್ರಮಾಣ ಗಡಿಯ ಮೇಲೆ ಬಂದು ನಿಂತಿತ್ತು. ವೈದ್ಯರು ಮಾತ್ರೆ ಬರೆಯುವ ಮುನ್ನ ಆರು ತಿಂಗಳ ಅವಧಿ ಕೊಟ್ಟರು. ಊಟದಲ್ಲಿ ಹಿತಮಿತ, ದಿನವೂ ಮೈ ಬೆವರುವಷ್ಟು ವ್ಯಾಯಾಮ ಎಂದರು. ತಂದೆ ತಮ್ಮ ಕೊನೆಯ ವರ್ಷಗಳಲ್ಲಿ ಇದೇ ಸಕ್ಕರೆಯಿಂದ ಕಣ್ಣಿನ ಬೆಳಕು ಕಳೆದುಕೊಂಡದ್ದನ್ನು ಹತ್ತಿರದಿಂದ ನೋಡಿದ್ದ ಮಗನಿಗೆ ಹೆಚ್ಚಿನ ಉಪದೇಶ ಬೇಕಾಗಲಿಲ್ಲ. ನಡಿಗೆ ಬೇಸರ ತಂದಿತು, ಈಜಲು ಕೆರೆಯಿರಲಿಲ್ಲ. ಉಳಿದದ್ದು ಸೈಕಲ್ಲು.

ಸೈಕಲ್ಲು ಆ ಮನೆತನಕ್ಕೆ ಹೊಸದೇನೂ ಆಗಿರಲಿಲ್ಲ. ಮತ್ತಿಘಟ್ಟವೆಂದರೆ ಹೆಸರಿನಲ್ಲಿಯೇ ಮತ್ತಿಯ ಮರವನ್ನೂ ಘಟ್ಟವನ್ನೂ ಇಟ್ಟುಕೊಂಡ ಊರು. ತಗ್ಗಿನಲ್ಲಿ ಅಡಿಕೆಯ ತೋಟ, ಮೇಲೆ ಬೆಟ್ಟ, ನಡುವೆ ಏರಿ ಇಳಿಯುವ ರಸ್ತೆ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುವ ಕಲ್ಲು, ಕಾಲಿಗೆ ಹತ್ತುವ ಉಂಬಳ. ಅಲ್ಲಿ ಅಪ್ಪಯ್ಯನ ಬಳಿ ಇಪ್ಪತ್ತು ಕಿಲೋ ತೂಗುವ, ಒಂದೇ ಗಿಯರಿನ ಕರಿಯ ಸೈಕಲ್ಲೊಂದಿತ್ತು. ಶಿರಸಿಯ ಪೇಟೆಗೆ ಹೋಗುವಾಗ ಅದರ ಕ್ಯಾರಿಯರಿನ ಮೇಲೆ ಬಾಳೆಗೊನೆಯೋ ಅಡಿಕೆಯ ಚೀಲವೋ ಇರುತ್ತಿತ್ತು. ಬರುವಾಗ ಕೊಟ್ಟಿಗೆಯ ದನಗಳಿಗೆ ಹಿಂಡಿಯ ಮೂಟೆ, ಹ್ಯಾಂಡಲಿಗೆ ತೂಗುಬಿಟ್ಟ ಸೀಮೆಎಣ್ಣೆಯ ಡಬ್ಬಿ. ಒಮ್ಮೆ ಮಳೆಗಾಲದ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದ ಮಗನನ್ನು ಕಂಬಳಿಯಲ್ಲಿ ಸುತ್ತಿ, ಕ್ಯಾರಿಯರಿಗೆ ಪಂಚೆಯಿಂದ ಬಿಗಿದು, ಏರಿನಲ್ಲೆಲ್ಲ ಇಳಿದು ತಳ್ಳುತ್ತ ಡಾಕ್ಟರರ ಬಾಗಿಲಿಗೆ ಮುಟ್ಟಿಸಿದ್ದೂ ಅದೇ ಸೈಕಲ್ಲು. ಆ ಸೈಕಲ್ಲು ಎಷ್ಟು ದೂರ ಓಡಿತು, ಎಷ್ಟು ವೇಗದಲ್ಲಿ ಓಡಿತು ಎಂದು ಯಾರೂ ಬರೆದಿಡಲಿಲ್ಲ. ಏನನ್ನು ಹೊತ್ತು ತಂದಿತು ಎಂಬುದಷ್ಟೇ ಮನೆಯವರ ನೆನಪಿನಲ್ಲಿ ಉಳಿಯಿತು.

ಮಗನ ಸೈಕಲ್ಲು ಬೇರೆ ಜಾತಿಯದು. ಹತ್ತು ಕಿಲೋ ತೂಕ, ಇಪ್ಪತ್ತಕ್ಕೂ ಮಿಕ್ಕಿದ ಗಿಯರು, ಕ್ಯಾರಿಯರು ಇಲ್ಲವೇ ಇಲ್ಲ. ಅದನ್ನೇರಿ ಅವರು ಮೊದಲು ಹೋದದ್ದು ಸಾಮೂಹಿಕ ಜಾಥಾಕ್ಕೆ. ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿದ ಮೇಲೆ ಊರೂರಲ್ಲಿ ಇಂಥ ಜಾಥಾಗಳು ನಡೆಯುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಗಣ್ಯರ ಭಾಷಣ ಮುಗಿಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಹಸಿರು ಬಾವುಟ ಬೀಸಿದ ಕೂಡಲೆ ಹುಡುಗರು ಬಾಣದಂತೆ ಹೊರಟುಹೋಗುತ್ತಾರೆ. ಹಿರಿಯರು ಗಂಟೆ ಬಾರಿಸುತ್ತ, ಪರಿಚಯದವರೊಡನೆ ಮಾತಾಡುತ್ತ ಹಿಂಬಾಲಿಸುತ್ತಾರೆ. ಐದಾರು ಕಿಲೋಮೀಟರು ಮುಗಿಯುವಷ್ಟರಲ್ಲಿ ಉಪ್ಪಿಟ್ಟು, ಬಾಳೆಹಣ್ಣು, ಪ್ರಶಸ್ತಿಪತ್ರ. ತಿಂದ ಉಪ್ಪಿಟ್ಟಿಗೂ ತುಳಿದ ಸೈಕಲ್ಲಿಗೂ ತಾಳೆ ನೋಡಿದರೆ ಸಕ್ಕರೆಯ ವಿಷಯದಲ್ಲಿ ನಷ್ಟವೇ ಹೆಚ್ಚು.

ಗಟ್ಟಿಯಾದ ಸವಾರಿಗಳು ಬೇರೆ ಇವೆ. 2008ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಹವ್ಯಾಸಿಗಳನ್ನು ದಿನಗಟ್ಟಲೆ ಬೆಟ್ಟ ಹತ್ತಿಸಿ ಇಳಿಸುವಂಥದು. ಇನ್ನೊಂದು ಬಗೆ ‘ಬ್ರೆವೆ’. ಇದರ ಬೇರು ಫ್ರಾನ್ಸಿನಲ್ಲಿದೆ. ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಸಮುದ್ರತೀರದ ಊರಿಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಓಟ 1891ರಲ್ಲಿ ಮೊದಲು ನಡೆಯಿತು. ಅಂದು ಪಂದ್ಯವಾಗಿದ್ದದ್ದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹವ್ಯಾಸಿಗಳ ಯಾತ್ರೆ; 90 ಗಂಟೆಯೊಳಗೆ ಮುಗಿಸಬೇಕು. ಅಲ್ಲಿಗೆ ಹೋಗಬಯಸುವವರು ತಮ್ಮ ನಾಡಿನಲ್ಲಿಯೇ 200, 300, 400, 600 ಕಿಲೋಮೀಟರಿನ ಬ್ರೆವೆಗಳನ್ನು ದಾಟಬೇಕು. 200ಕ್ಕೆ ಹದಿಮೂರೂವರೆ ಗಂಟೆಯ ಗಡುವು. ಕೈಯಲ್ಲೊಂದು ಚೀಟಿ, ಗೊತ್ತುಪಡಿಸಿದ ಠಾಣೆಗಳಲ್ಲಿ ಅದಕ್ಕೆ ಮುದ್ರೆ ಬೀಳಬೇಕು. ಮೊದಲು ಬಂದವನಿಗೆ ಬಹುಮಾನವಿಲ್ಲ, ಕೊನೆಗೆ ಬಂದವನಿಗೆ ಅವಮಾನವಿಲ್ಲ. ದಾರಿಯಲ್ಲಿ ಹೊರಗಿನವರ ನೆರವು ಪಡೆಯುವಂತಿಲ್ಲ. ಆದರೆ ಸವಾರರು ಒಬ್ಬರಿಗೊಬ್ಬರು ನೆರವಾಗಲು ಅಡ್ಡಿಯಿಲ್ಲ. ಗೃಹಸ್ಥರ ಮನಸ್ಸಿಗೆ ಈ ನಿಯಮಗಳು ಹಿಡಿಸಿದವು. ಹುಬ್ಬಳ್ಳಿಯಿಂದ ಶಿರಸಿಗೆ ಹೋಗಿ ಮರಳುವ ಇನ್ನೂರು ಕಿಲೋಮೀಟರನ್ನು ಹನ್ನೊಂದು ಗಂಟೆಯಲ್ಲಿ ಮುಗಿಸುವುದೆಂದು ಸಂಕಲ್ಪ ಮಾಡಿಕೊಂಡರು.

ಸಂಕಲ್ಪದ ಹಿಂದೆಯೇ ಯಂತ್ರಗಳು ಬಂದವು. ಮೊದಲನೆಯದು ಹ್ಯಾಂಡಲಿನ ಮೇಲೆ ಕೂರುವ ಪುಟ್ಟ ಪೆಟ್ಟಿಗೆ. ಆಕಾಶದ ಉಪಗ್ರಹಗಳನ್ನು ಕೇಳಿ ದಾರಿ, ದೂರ, ವೇಗಗಳನ್ನು ತೋರಿಸುವಂಥದು. ಎರಡನೆಯದು ಎದೆಪಟ್ಟಿ. ಹೃದಯದ ಪ್ರತಿ ಬಡಿತಕ್ಕೂ ಚರ್ಮದ ಮೇಲೆ ಮೂಡುವ ಸೂಕ್ಷ್ಮ ವಿದ್ಯುತ್ತನ್ನು ಹಿಡಿದು ಅದು ಪೆಟ್ಟಿಗೆಗೆ ವರದಿ ಕಳಿಸುತ್ತದೆ. ಫಿನ್ಲೆಂಡಿನ ಪೋಲಾರ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ಇದನ್ನು ಕ್ರೀಡಾಪಟುಗಳ ಕೈಗೆ ತಂದಿತು. ಮೂರನೆಯದು ಪೆಡಲಿನೊಳಗೆ ಅಡಗಿದ ಪವರ್ ಮೀಟರ್. ಕಾಲು ಒತ್ತಿದಾಗ ಕಬ್ಬಿಣ ಕೂಡ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನೂ ತಿರುಗುವ ವೇಗವನ್ನೂ ಗುಣಿಸಿ, ಸವಾರ ಎಷ್ಟು ವ್ಯಾಟ್ ಬಲ ಹಾಕುತ್ತಿದ್ದಾನೆಂದು ಅದು ಹೇಳುತ್ತದೆ. ಜರ್ಮನಿಯ ಉಲ್ರಿಚ್ ಶೋಬರರ್ ಎಂಬ ಇಂಜಿನಿಯರು 1980ರ ದಶಕದಲ್ಲಿ ರೂಪಿಸಿದ ಉಪಾಯವಿದು. ನಾಲ್ಕನೆಯದು ಮನೆಯೊಳಗಿನ ಟ್ರೇನರ್. ಹಿಂದಿನ ಚಕ್ರ ಕಳಚಿ ಸೈಕಲ್ಲನ್ನು ಅದಕ್ಕೆ ಜೋಡಿಸಿದರೆ, ಎದುರಿನ ಪರದೆಯ ಮೇಲೆ ಬೆಟ್ಟ ಬಂದಾಗ ಪೆಡಲು ತಾನಾಗಿ ಬಿಗಿಯಾಗುತ್ತದೆ.

ಮಳೆಯ ಮುಂಜಾನೆಗಳಲ್ಲಿ ಗೃಹಸ್ಥರು ಪಡಸಾಲೆಯಲ್ಲಿಯೇ ಆಲ್ಪ್ಸ್ ಪರ್ವತ ಹತ್ತತೊಡಗಿದರು. ತಲೆಯ ಮೇಲೆ ಫ್ಯಾನು, ಕೆಳಗೆ ಬೆವರು ಹೀರುವ ಹಳೆಯ ಟವೆಲು. ಒಂದು ಗಂಟೆ ತುಳಿದು ಇಳಿದಾಗ ಸೈಕಲ್ಲು ಗೋಡೆಯಿಂದ ಒಂದಂಗುಲವೂ ಕದಲಿರುತ್ತಿರಲಿಲ್ಲ. ಕಾಫಿಯ ಲೋಟ ಹಿಡಿದು ನಿಂತ ಮನೆಯಾಕೆ, “ಗಾಣದ ಎತ್ತು ತಿರುಗಿದ್ರೆ ಎಣ್ಣೆನಾದ್ರೂ ಬತ್ತು” ಎಂದರು. ಎಣ್ಣೆ ಬರಲಿಲ್ಲವಾದರೂ ಆರು ತಿಂಗಳ ಕೊನೆಗೆ ಸಕ್ಕರೆ ಗಡಿಯಿಂದ ಕೆಳಗಿಳಿಯಿತು. ಯಂತ್ರಗಳ ವಿಷಯದಲ್ಲಿ ಮನೆಯಾಕೆಯ ಲೆಕ್ಕಪರಿಶೋಧನೆ ಅಂದಿನಿಂದ ತುಸು ಸಡಿಲವಾಯಿತು.

ಯಂತ್ರಗಳು ಕಲಿಸುವುದು ಕಡಿಮೆಯೇನಲ್ಲ. ರಜೆಯಲ್ಲಿ ಊರಿಗೆ ಹೋದಾಗ ಗೃಹಸ್ಥರು ಸೈಕಲ್ಲನ್ನೂ ಒಯ್ದಿದ್ದರು. ಎದೆಬಡಿತ ಮಿತಿ ಮೀರಿತೆಂದು ಪೆಟ್ಟಿಗೆ ಕೂಗಿದ ಕಾರಣ ಅವರು ಏರಿನ ಮಧ್ಯದಲ್ಲಿ ಇಳಿದು ತಳ್ಳತೊಡಗಿದಾಗ, ತೋಟದಿಂದ ಬರುತ್ತಿದ್ದ ಹಿರಿಯರೊಬ್ಬರು, “ಪಂಚರ್ ಆತನಾ ತಮಾ?” ಎಂದು ವಿಚಾರಿಸಿದರು. ಇಲ್ಲವೆಂದು ತಿಳಿದ ಮೇಲೆ ಅವರಿಗೆ ಆಶ್ಚರ್ಯವಾಗಲಿಲ್ಲ. ಏರಿನಲ್ಲಿ ಸೈಕಲ್ಲಿನಿಂದ ಇಳಿಯುವುದು ಆ ಊರಿನ ಹಳೆಯ ಪದ್ಧತಿ. ಗೃಹಸ್ಥರು ರಾತ್ರಿ ಕುಳಿತು ಲೆಕ್ಕ ಮಾಡಿದರು. ನೂರು ಮೀಟರಿಗೆ ಆರು ಮೀಟರು ಏರುವ ದಾರಿಯಲ್ಲಿ, ಸೈಕಲ್ಲೂ ಸೇರಿ 80 ಕಿಲೋ ತೂಗುವ ಸವಾರ ಗಂಟೆಗೆ 8 ಕಿಲೋಮೀಟರಿನಂತೆ ಹತ್ತಬೇಕಾದರೆ ಭೂಮಿಯ ಸೆಳೆತವೊಂದನ್ನೇ ಗೆಲ್ಲಲು ಸುಮಾರು 105 ವ್ಯಾಟ್ ಬೇಕು. ಹಳೆಯ ಕಾಲದ ದೊಡ್ಡ ಬಲ್ಬೊಂದು ಉರಿಯುವಷ್ಟು. ಮೈ, ಸೈಕಲ್ಲು, ಹಿಂಡಿಯ ಮೂಟೆ ಸೇರಿ 130 ಕಿಲೋ ಆಗುತ್ತಿದ್ದ ಅಪ್ಪಯ್ಯನಿಗೆ ಅದೇ ವೇಗಕ್ಕೆ 170 ವ್ಯಾಟ್ ಬೇಕಾಗುತ್ತಿತ್ತು. ಒಂದೇ ಗಿಯರಿನ ಸೈಕಲ್ಲನ್ನು ಅದಕ್ಕಿಂತ ನಿಧಾನವಾಗಿ ತುಳಿದರೆ ಅದು ವಾಲಿಬೀಳುತ್ತದೆ. ಇಳಿದು ಗಂಟೆಗೆ 3 ಕಿಲೋಮೀಟರಿನಂತೆ ತಳ್ಳಿದರೆ 64 ವ್ಯಾಟ್ ಸಾಕು. ಬಾಲ್ಯದಲ್ಲಿ ಮಗನಿಗೆ ಅಪ್ಪಯ್ಯನ ಬಳಲಿಕೆಯೆಂದು ತೋರಿದ್ದು ವಾಸ್ತವವಾಗಿ ತಪ್ಪಿಲ್ಲದ ಗಣಿತವಾಗಿತ್ತು.

ಎದೆಬಡಿತದ ಮಿತಿಯ ಕಥೆಯೂ ಹೀಗೆಯೇ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ ಎಂಬ ಸೂತ್ರ ಹಲವು ಪೆಟ್ಟಿಗೆಗಳಲ್ಲಿ ಪ್ರಚಲಿತ. ಅದು ಸ್ಥೂಲವಾದ ಸರಾಸರಿಯೇ ಹೊರತು ಯಾರೊಬ್ಬರ ಜಾತಕವಲ್ಲ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಸಹಜ. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಅಂಕಿ ಏನೇ ಹೇಳಲಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಳಿದಂತೆ ವ್ಯಾಯಾಮಶಾಸ್ತ್ರಜ್ಞರು ಒಪ್ಪುವ ಸರಳ ಪರೀಕ್ಷೆಯೊಂದಿದೆ: ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂಬಷ್ಟು ಏದುಸಿರಿದ್ದರೆ ಶ್ರಮ ಹದವಾಗಿದೆ. ಹೊರೆ ಹೊತ್ತು ಮಾತಾಡುತ್ತಲೇ ಬೆಟ್ಟ ಹತ್ತುವ ಮತ್ತಿಘಟ್ಟದ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ರೆವೆಯ ದಿನ ಬಂದದ್ದು ಡಿಸೆಂಬರಿನಲ್ಲಿ. ಬೆಳಗಿನ ಆರಕ್ಕೆ ಹುಬ್ಬಳ್ಳಿ ಬಿಟ್ಟವರು ತಡಸ, ಮುಂಡಗೋಡ, ಮಳಗಿಗಳನ್ನು ದಾಟಿ ಹನ್ನೊಂದೂಕಾಲಕ್ಕೆ ಶಿರಸಿ ಮುಟ್ಟಿದರು. ಹೋಗುವಾಗ ಮೂಡಣ ಗಾಳಿ ಬೆನ್ನಿಗಿತ್ತು; ಪೆಟ್ಟಿಗೆಯ ಅಂಕಿಗಳೆಲ್ಲ ಮಂಗಳಕರವಾಗಿದ್ದವು. ಆಯಿಯನ್ನು ಮತ್ತಿಘಟ್ಟದಿಂದ ಶಿರಸಿಗೆ ಕರೆತಂದಿದ್ದರು. ಠಾಣೆಯಲ್ಲಿ ಮುದ್ರೆ ಹಾಕಿಸಿಕೊಂಡ ಮಗನ ಬೆನ್ನಿನ ಜೇಬಿಗೆ ಆಕೆ ಬೆಲ್ಲದ ತುಂಡುಗಳನ್ನೂ ತೊಡದೇವಿನ ಪೊಟ್ಟಣವನ್ನೂ ತುರುಕಿದರು. ಕಬ್ಬಿನ ಹಾಲಿನಿಂದ ಮಾಡಿದ, ಕಾಗದದಷ್ಟು ತೆಳುವಾದ ಆ ಸಿಹಿ ಸೈಕಲ್ ಸವಾರಿಗೆ ಹೇಳಿಸಿದ್ದಲ್ಲ. ಮಳಗಿ ಬರುವಷ್ಟರಲ್ಲಿ ಪೂರ್ತಿ ಪುಡಿಯಾಗಿತ್ತು.

ಮರಳುವ ದಾರಿಯಲ್ಲಿ ಮುಂಡಗೋಡದವರೆಗೆ ಕಾಡು ಗಾಳಿಯನ್ನು ತಡೆಯಿತು. ಅದರಾಚೆ ಮರಗಳು ವಿರಳವಾಗಿ ಬಯಲು ತೆರೆದುಕೊಂಡದ್ದೇ ತಡ, ಎದುರುಗಾಳಿ ಮುಖಕ್ಕೆ ಬಡಿಯಿತು. ಮೂರು ಗಂಟೆಯ ಹೊತ್ತಿಗೆ ರಸ್ತೆಯ ಬದಿಯ ಮೈಲಿಗಲ್ಲಿಗೆ ಒರಗಿ ಕುಳಿತ ತರುಣನೊಬ್ಬ ಕಣ್ಣಿಗೆ ಬಿದ್ದ. ಮುಂದೆ ಹೋದವರು ಕೈಸನ್ನೆಯಿಂದ ವಿಚಾರಿಸಿದ್ದರು, ಅವನು ಹೆಬ್ಬೆರಳೆತ್ತಿ ತೋರಿಸಿದ್ದ, ಅವರು ಹೋಗಿಬಿಟ್ಟಿದ್ದರು. ಗೃಹಸ್ಥರು ಇಳಿದು ನೋಡಿದಾಗ ಆ ಹೆಬ್ಬೆರಳು ನಡುಗುತ್ತಿತ್ತು. ಬೆಳಗಿನಿಂದ ಮುಂಚೂಣಿಯವರ ಜೊತೆ ವ್ಯಾಟುಗಳನ್ನು ಬೆನ್ನಟ್ಟಿದ ಹುಡುಗ ತಿನ್ನುವುದನ್ನು ಮರೆತಿದ್ದ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೊಜನ್ ತೀರಿದಾಗ ದೇಹ ಎಣ್ಣೆ ಮುಗಿದ ದೀಪದಂತೆ ಒಮ್ಮೆಲೇ ಕುಂದುತ್ತದೆ.

ಆಗ ಹನ್ನೊಂದು ಗಂಟೆಯ ಸಂಕಲ್ಪಕ್ಕೆ ಉಳಿದಿದ್ದದ್ದು ಎರಡೇ ತಾಸು. ಸೈಕಲ್ಲುಗಳನ್ನು ಮರದ ನೆರಳಿಗೆ ತಂದು, ಉಪ್ಪು ಬೆರೆಸಿದ ನೀರು, ಬೆಲ್ಲ, ಬಾಳೆಹಣ್ಣು ಕೊಟ್ಟದ್ದಾಯಿತು. ಅಂಗೈಯಲ್ಲಿ ತೊಡದೇವಿನ ಪುಡಿ ಹಿಡಿದು ಹುಡುಗ ಮಗುವಿನಂತೆ ನೆಕ್ಕಿದ. ನಲವತ್ತು ನಿಮಿಷ ಹೋಯಿತು. ಅವನ ಮುಖಕ್ಕೆ ಬಣ್ಣ ಮರಳಿ, ಮಾತು ತಡವರಿಸದೆ ಬರತೊಡಗಿದ ಮೇಲೆ ಗೃಹಸ್ಥರು, “ನನ್ನ ಹಿಂದಿನ ಚಕ್ರ ಬಿಟ್ಟು ಬೇರೇನೂ ನೋಡಬೇಡ” ಎಂದು ಹೇಳಿ ಮುಂದೆ ಹೊರಟರು.

ಒಬ್ಬ ಸವಾರನ ಬೆನ್ನಿಗೆ ಒಂದು ಮೊಳದ ಅಂತರದಲ್ಲಿ ಬರುವವನಿಗೆ ಗಾಳಿಯ ಪ್ರತಿರೋಧ ಬಹಳ ತಗ್ಗುತ್ತದೆ. ಬಿರುಸಿನ ಓಟದಲ್ಲಿ ಅವನ ಶ್ರಮದ ಕಾಲು ಭಾಗಕ್ಕೂ ಮಿಕ್ಕಿ ಉಳಿಯುತ್ತದೆ. ಎದುರುಗಾಳಿಯಿದ್ದರೆ ನಿಧಾನವಾಗಿ ಸಾಗುವವನಿಗೂ ಈ ಲಾಭ ಉಂಟು. ಜನ ಗುಂಪಾಗಿ ಸೈಕಲ್ಲು ತುಳಿಯುವುದರ ಒಳಗುಟ್ಟು ಇದೇ. ಆದರೆ ಮುಂದಿನವನು ಗಾಳಿಯನ್ನು ಪೂರ್ತಿ ಉಣ್ಣಬೇಕು. ಗುಂಡಿ ಬಂದರೆ ಬೆರಳು ತೋರಿಸಬೇಕು. ಹಠಾತ್ತನೆ ಬ್ರೇಕು ಹಾಕಬಾರದು. ಹಿಂದಿನವನು ತನ್ನ ಹಲ್ಲು ಮೂಳೆಗಳನ್ನೆಲ್ಲ ಅಪರಿಚಿತನೊಬ್ಬನ ವಿವೇಕಕ್ಕೆ ಒಪ್ಪಿಸಬೇಕು. ಸೂರ್ಯ ಮುಳುಗಿತು, ದೀಪಗಳು ಹೊತ್ತಿದವು. ಹುಡುಗನ ಉಸಿರು ಕೇಳಿಸುವಷ್ಟೇ ವೇಗದಲ್ಲಿ ಗೃಹಸ್ಥರು ತುಳಿದರು. ಅದು ಕೇಳಿಸದಾದಾಗ ನಿಧಾನಿಸಿದರು. ಕ್ಯಾರಿಯರಿಲ್ಲದ ಸೈಕಲ್ಲು ಅಂದು ನಲವತ್ತಾರು ಕಿಲೋಮೀಟರು ಒಬ್ಬನನ್ನು ಹೊತ್ತು ತಂದಿತು. ಏಳು ಗಂಟೆ ಹತ್ತು ನಿಮಿಷಕ್ಕೆ ಇಬ್ಬರ ಚೀಟಿಗಳಿಗೂ ಕೊನೆಯ ಮುದ್ರೆ ಬಿತ್ತು. ಗಡುವಿಗೆ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು.

ರಾತ್ರಿ ಮನೆಯಲ್ಲಿ ಪೆಟ್ಟಿಗೆ ತನ್ನ ವರದಿ ಒಪ್ಪಿಸಿತು. ದಿನದ ಶ್ರಮವನ್ನು ಒಟ್ಟು ಹಾಕಿ ಒಂದು ಅಂಕಿಯಾಗಿ ತೋರಿಸುವ ಅಂಕಣವೊಂದು ಅದರಲ್ಲಿದೆ. ಯಂತ್ರದ ಭಾಷೆಯಲ್ಲಿ ಅದರ ಹೆಸರು ‘ಲೋಡ್’, ಕನ್ನಡದಲ್ಲಿ ಹೊರೆ. ಉತ್ತರಾರ್ಧದಲ್ಲಿ ಎದೆ ಹೆಚ್ಚು ಬಡಿದು ಬಲ ಕಡಿಮೆ ಹೊಮ್ಮಿದ್ದನ್ನು ಗಮನಿಸಿದ ಯಂತ್ರ, ಆ ಹೊರೆಯ ಕೆಳಗೆ ‘ನಿಷ್ಫಲ’ ಎಂಬರ್ಥದ ಒಂದು ಇಂಗ್ಲಿಷ್ ಪದವನ್ನು ಮೂಡಿಸಿ, ಮೂರು ದಿನ ವಿಶ್ರಾಂತಿ ಪಡೆಯುವಂತೆ ಸಲಹೆ ಮಾಡಿತು. ವಿಶ್ರಾಂತಿಯ ಸಲಹೆ ಯೋಗ್ಯವೆಂದು ತೋರಿದ್ದರಿಂದ ಗೃಹಸ್ಥರು ಪೆಟ್ಟಿಗೆಯನ್ನು ಚಾರ್ಜಿಗೆ ಹಾಕಿ, ಹಿತ್ತಲಿಗೆ ಹೋಗಿ, ಅಂಗಿಯ ಬೆನ್ನಿನ ಜೇಬನ್ನು ಮಗುಚಿ, ಉಳಿದ ತೊಡದೇವಿನ ಪುಡಿಯನ್ನು ಇರುವೆಗಳಿಗೆ ಕೊಡವಿ ಬಂದು ಮಲಗಿದರು.