ದನಿ ಕುಗ್ಗಿದಾಗ

2023ರ ಜನವರಿ 2ರಂದು ನಮ್ಮನ್ನಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳನ್ನು ಹೊರ್ತಿಯ ನನ್ನಂಥ ಹಿರಿಯರು ಇಂದು ಮೊಬೈಲಿನಲ್ಲಿ, ತಂತಿಯಿಲ್ಲದ ಇಯರ್‌ಬಡ್ ಧರಿಸಿ ಆಲಿಸುತ್ತಾರೆ.

ಹೋದ ಶ್ರಾವಣದಲ್ಲಿ ನನ್ನ ಎಡಗಿವಿಗೆ ದನಿ ಕ್ಷೀಣಿಸಿತು. ವಾಲ್ಯೂಮ್ ಏರಿಸುವುದು ಸುಲಭೋಪಾಯ. ಆದರೆ ಕಾರಣವನ್ನರಿಯದೆ ಏರಿಸಿದರೆ ಸ್ವಸ್ಥವಾದ ಬಲಗಿವಿಗೂ ಅಪಾಯ. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ.

ಇಂಥಲ್ಲಿ ಸಾಮಾನ್ಯ ಕಾರಣವೆಂದರೆ ಬಡ್‌ನ ಸೂಕ್ಷ್ಮ ಜಾಲರಿಯನ್ನು ಮುಚ್ಚುವ ಕಿವಿಯ ಗುಗ್ಗೆ. ರಬ್ಬರಿನ ತುದಿಯನ್ನು ಕಳಚಿ, ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣಗಿದ ಮೃದು ಬ್ರಷ್ಷಿನಿಂದ ಒರೆಸಿದೆ. ನೀರು, ಸೂಜಿ ಕೂಡದು. ಬ್ಲೂಟೂತ್ ಪಟ್ಟಿಯಿಂದ ಅದನ್ನು ತೆಗೆದು ಮರಳಿ ಜೋಡಿಸಿದೆ. ಎಡ-ಬಲ ದನಿಯ ಸಮತೋಲ ನಡುವೆಯೇ ಇದ್ದಿತು.

ಕೊನೆಗೆ ಎರಡು ಬಡ್‌ಗಳನ್ನೂ ಅದಲುಬದಲಾಗಿ ಹಿಡಿದು ಕೇಳಿದೆ. ದೋಷ ಬಡ್‌ನ ಜೊತೆಗೆ ಸಾಗಿದರೆ ಅದು ಯಂತ್ರದ್ದು. ಅದೇ ಕಿವಿಯಲ್ಲಿ ಉಳಿದರೆ ಕಿವಿಯದು. ನನಗೆ ಎಡಗಿವಿಯಲ್ಲೇ ಉಳಿಯಿತು. ವೈದ್ಯರು ಗಟ್ಟಿಗೊಂಡ ಗುಗ್ಗೆಯನ್ನು ತೆಗೆದರು, ಶ್ರವಣ ತಿಳಿಯಾಯಿತು.

ಓದುಗ ಬಂಧುಗಳೇ, ಹಠಾತ್ತನೆ ಒಂದು ಕಿವಿ ಮಂದವಾದರೆ ಅಂದೇ ವೈದ್ಯರನ್ನು ಕಾಣಿರಿ. ಬಡ್ ಮತ್ತೆ ಕೊಳ್ಳಬಹುದು, ಕಿವಿಯನ್ನು ಕೊಳ್ಳಲಾಗದು.