ಮೇಘದಲ್ಲಿಟ್ಟ ಹೊಲ

ವೈಟ್‌ಫೀಲ್ಡಿನಲ್ಲಿ ಈಗ ಒಕ್ಕಲುತನವನ್ನು ನೋಡಬೇಕೆನ್ನುವವರು ನಮ್ಮ ಮನೆಗೆ ಬರಬಹುದು. ೧೮೮೨ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಬೇಸಾಯಕ್ಕೆಂದೇ ಕೊಟ್ಟ ನೆಲದ ಮೇಲೆ ಇಂದು ಗಾಜಿನ ಸೌಧಗಳೆದ್ದಿವೆ. ನೇಗಿಲು ನನ್ನ ಮೊಮ್ಮಗನ ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಆಟದ ಹೆಸರು ಫಾರ್ಮಿಂಗ್ ಸಿಮ್ಯುಲೇಟರ್. ೨೦೨೧ರಲ್ಲಿ ಹೊರಬಂದ ಆವೃತ್ತಿ. ಅದರಲ್ಲಿ ಗೋಧಿಯುಂಟು, ಜೋಳವುಂಟು, ದ್ರಾಕ್ಷಿಯೂ ಉಂಟು. ರಾಗಿ ಮಾತ್ರ ಇಲ್ಲ. ರಾಗಿಯಿಲ್ಲದ ಬೇಸಾಯವೂ ಒಂದು ಬೇಸಾಯವೇ ಎಂಬ ಚರ್ಚೆಯನ್ನು ನಾನು ಆ ಹುಡುಗನೊಡನೆ ಎತ್ತುವುದಿಲ್ಲ.

ಈ ಹೊಲವು ಅಣ್ಣತಮ್ಮಂದಿರಿಬ್ಬರ ಅವಿಭಕ್ತ ಆಸ್ತಿ. ದೊಡ್ಡವನು ಎಲೆಕ್ಟ್ರಾನಿಕ್ ಸಿಟಿಯ ಕಡೆ ಹಾಸ್ಟೆಲಿನಲ್ಲಿರುವನು. ಅವನು ಮನೆ ಬಿಟ್ಟ ಮೇಲೆ ಇಬ್ಬರಿಗೂ ಉಳಿದಿದ್ದ ನಿತ್ಯವ್ಯವಹಾರ ಇದೊಂದೇ: ಸಂಜೆ ಚಿಕ್ಕವನು ಉಳುವನು, ರಾತ್ರಿ ದೊಡ್ಡವನು ಬಿತ್ತುವನು. ಹೊಲದ ಲೆಕ್ಕವೆಲ್ಲ ಡಾಕ್ಯುಮೆಂಟ್ಸ್ ಎಂಬ ಫೋಲ್ಡರಿನಲ್ಲಿದ್ದು, ಕ್ಲೌಡ್ ಸಂಗ್ರಹವು ಅದನ್ನು ಎರಡು ಯಂತ್ರಗಳಲ್ಲಿಯೂ ಏಕರೂಪವಾಗಿ ಕಾಯುತ್ತಿತ್ತು.

ಒಂದು ಸಂಜೆ ಕರೆಂಟು ಹೋಯಿತು. ಚಿಕ್ಕವನ ಹೊಸ ಲೆಕ್ಕ ಮೇಘವನ್ನು ಸೇರದೆ ಇಲ್ಲಿಯೇ ನಿಂತಿತು. ಅತ್ತ ದೊಡ್ಡವನು ಹಿಂದಿನ ದಿನದ ಲೆಕ್ಕದ ಮೇಲೆಯೇ ಬಿತ್ತಿದನು. ಮರುದಿನ ಹುಡುಗನು ಓಡಿಬಂದು, “ತಾತಾ, ನನ್ನ ಟ್ರ್ಯಾಕ್ಟರು ನಮ್ಮದಲ್ಲದ ಹೊಲದಲ್ಲಿ ನಿಂತಿದೆ! ಅಣ್ಣ ಬೇಕೆಂದೇ ಮಾಡಿದ್ದಾನೆ” ಎಂದು ಅತ್ತನು. ಮೂರು ದಿನ ಅಣ್ಣನ ಫೋನನ್ನು ಅವನು ಎತ್ತಲಿಲ್ಲ.

ಅಣ್ಣನದಾಗಲಿ ತಮ್ಮನದಾಗಲಿ ಅಪರಾಧವೇನೂ ಇರಲಿಲ್ಲ. ಆ ಫೋಲ್ಡರಿನೊಳಗೆ ವಾಹನಗಳಿಗೊಂದು, ಭೂಮಿಗೊಂದು, ಹೀಗೆ ಹಲವು ಕಡತಗಳಿರುವುವು. ಕ್ಲೌಡು ಅವನ್ನು ಒಂದೊಂದಾಗಿ ಒಯ್ಯುವುದು; ಅವೆಲ್ಲ ಕೂಡಿ ಒಂದೇ ಗ್ರಂಥವೆಂಬುದನ್ನು ಅದು ಬಲ್ಲದಲ್ಲ. ಎರಡು ಕಡೆಯೂ ತಿದ್ದಿದ ಕಡತ ಕಂಡರೆ ಒಂದನ್ನು ಹಾಗೆಯೇ ಇಟ್ಟು, ಇನ್ನೊಂದರ ಹೆಸರಿಗೆ ಯಂತ್ರದ ಹೆಸರನ್ನು ಬಾಲವಾಗಿ ಅಂಟಿಸುವುದು. ಬಾಲವುಳ್ಳದ್ದನ್ನು ಆಟವು ಓದದು. ಹೀಗೆ ವಾಹನಗಳು ತಮ್ಮನ ಪ್ರತಿಯಿಂದಲೂ ಭೂಮಿ ಅಣ್ಣನ ಪ್ರತಿಯಿಂದಲೂ ಬಂದು ಕೂಡಿದ್ದುವು. ಪುಣೆಯ ಭಂಡಾರ್ಕರ್ ಸಂಶೋಧನ ಮಂದಿರದವರು ೧೯೧೯ರಿಂದ ೧೯೬೬ರವರೆಗೆ ನೂರಾರು ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ಮಹಾಭಾರತವನ್ನು ಪರಿಷ್ಕರಿಸಿದರು. ಇಲ್ಲಿ ಆ ವಿದ್ಯೆ ಸಲ್ಲದು. ಪಾಠಗಳನ್ನು ಬೆರಸಿದರೆ ಹೊಲವೇ ಕೆಡುವುದು. ಒಂದು ಪ್ರತಿಯನ್ನು ಪೂರ್ತಿಯಾಗಿ ಹಿಡಿದು ಇನ್ನೊಂದನ್ನು ಬಿಡಬೇಕು.

ಮೊದಲು ಎರಡೂ ಯಂತ್ರಗಳಲ್ಲಿ ಸಿಂಕ್ ನಿಲ್ಲಿಸಿದೆವು. ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ಬಾಲಗಳನ್ನೂ ತಿದ್ದಿದ ಹೊತ್ತನ್ನೂ ನೋಡಿ, ಕಡತಗಳನ್ನು ಎರಡು ಕಟ್ಟುಗಳಾಗಿ ಬೇರ್ಪಡಿಸಿದೆವು. ಯಾವುದನ್ನು ಉಳಿಸುವುದು? ನಾನು ದೊಡ್ಡವನಿಗೆ ಫೋನು ಮಾಡಿದೆನು.

“ಅವನದೇ ಇರಲಿ ತಾತ. ನಾನು ಬಿತ್ತಿದ್ದು ಜೋಳ ತಾನೆ, ಇನ್ನೊಮ್ಮೆ ಬಿತ್ತುತ್ತೇನೆ. ಸ್ವಲ್ಪ ಅವನ ಕೈಗೆ ಫೋನು ಕೊಡಿ.”

ಚಿಕ್ಕವನು ಫೋನು ಹಿಡಿದು ಮಹಡಿಗೆ ಹೋದವನು ಊಟಕ್ಕೆ ಕರೆಯುವವರೆಗೂ ಇಳಿಯಲಿಲ್ಲ. ಈಗ ಅವರೇ ಮಾಡಿಕೊಂಡ ಕಟ್ಟಳೆಯೊಂದಿದೆ: ಲೆಕ್ಕವು ಮೇಘವನ್ನು ಸೇರಿದ ಗುರುತು ಕಾಣುವವರೆಗೆ ಯಂತ್ರವನ್ನು ಆರಿಸಕೂಡದು, ಆರಿಸಿದೊಡನೆ “ಮುಗಿಯಿತು, ಇನ್ನು ನಿನ್ನದು” ಎಂದು ಇನ್ನೊಬ್ಬನಿಗೆ ತಿಳಿಸಬೇಕು. ನಿನ್ನೆ ಆ ಸಂದೇಶದೊಡನೆ, ಮನೆಯಲ್ಲಿ ಹೋಳಿಗೆ ಮಾಡಿದ ಸುದ್ದಿಯೂ ಹೋಯಿತು.