ದೇಶನೂರಿನ ಎಳೆಯ ಓದುಗರು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪವು ಬತ್ತದ ಸೀಮೆ. ತುಂಗಭದ್ರೆಯ ನೀರುಂಡ ಗದ್ದೆಗಳೂ ಅಕ್ಕಿಯ ಗಿರಣಿಗಳೂ ದಾರಿಗರ ಕಣ್ಣಿಗೆ ಮೊದಲು ಬೀಳುವುವು. ಆ ತಾಲ್ಲೂಕಿನ ದೇಶನೂರಿಗೆ ಹೋದ ನಮ್ಮ ಮನಸ್ಸಿಗೆ ನಾಟಿದುದಾದರೋ ಒಬ್ಬ ಹುಡುಗನ ಮಾತು. ಕಥೆಯ ಪುಸ್ತಕವೊಂದನ್ನು ಮುಂದಿಟ್ಟೊಡನೆ, "ನನಗ ಓದಾಕ ಬರಲ್ಲ ರೀ" ಎಂದುಬಿಟ್ಟನು. ಸ್ವಲ್ಪ ಹೊತ್ತಿನ ಮುಂಚೆ ಬಸ್ಸಿನ ಹಲಗೆಯನ್ನು ನೋಡಿ, ಅದು ಬಳ್ಳಾರಿಗೆ ಹೋಗುವುದೆಂದು ನಮಗೆ ತಿಳಿಸಿದವನು ಅವನೇ. ಅಕ್ಕಿಯ ಚೀಲದ ಮೇಲಿನ ಅಕ್ಷರಗಳನ್ನೂ ಬಿಟ್ಟಿರಲಿಲ್ಲ. ಅದು ಓದಲ್ಲವೆಂದು ಅವನಿಗೆ ಯಾರು ಕಲಿಸಿದರೋ!

ಇಂಥ ಹುಡುಗರಿಗೆ ಅಕ್ಷರಕ್ಕಿಂತ ಹೆಚ್ಚಾಗಿ ಬೇಕಾದುದು ತಾವೂ ಓದುವವರೆಂಬ ನಂಬಿಕೆ. ಗಡಿಸೀಮೆಯಾದುದರಿಂದ ಇಲ್ಲಿ ತೊಡಕು ಇನ್ನಷ್ಟು. 1953ರ ಅಕ್ಟೋಬರ್ 1ರವರೆಗೆ ಈ ತಾಲ್ಲೂಕು ಮದರಾಸಿಗೆ ಸೇರಿದ್ದಿತು. ಪಕ್ಕದ ಆದವಾನಿ, ಆಲೂರುಗಳು ಆಂಧ್ರಕ್ಕೆ ಹೋದುವು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಗುವು ಶಾಲೆಯ ಗ್ರಾಂಥಿಕ ಕನ್ನಡದೆದುರಿಗೆ ತಡವರಿಸುವುದು ಸಹಜ. ಕನ್ನಡದ ಮನೆಯ ಮಗುವಿಗೂ ಆ ಭಾಷೆ ತನ್ನ ಅವ್ವನ ಮಾತಲ್ಲ. ತಡವರಿಸಿದಾಗ ನಾಲ್ವರು ನಕ್ಕರೆ ಮುಗಿಯಿತು. ಅದು ಮತ್ತೆ ಬಾಯಿ ತೆರೆಯದು. ನಾಟಿಯ ಕಾಲಕ್ಕೆ ಗದ್ದೆ ಕರೆಯುವುದು, ಶಾಲೆ ಹಿಂದುಳಿಯುವುದು. ಓದಲು ಬಾರದವನಿಗೆ ಶಾಲೆಯೇಕೆಂದು ಮನೆಯವರೂ ಸುಮ್ಮನಾಗುವರು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯು ಈ ಅಂಜಿಕೆಯನ್ನು ಸರಿಯಾಗಿ ಗುರುತಿಸಿತು. ಮಗುವು ತನ್ನದೇ ವೇಗದಲ್ಲಿ ಕಾರ್ಡು ಕಾರ್ಡಾಗಿ ಕಲಿಕೆಯ ಏಣಿಯನ್ನು ಹತ್ತುವುದು. ಆದರೆ ಇದು ಕೆಳಗಿನ ತರಗತಿಗಳ ಮಾತು. ನಾಚಿಕೆ ಬಲಿಯುವುದು ಮೇಲಿನವುಗಳಲ್ಲಿ. ಅಲ್ಲಿ ಮನೆಯವರ ನೆರವು ಬೇಕು. ಹುಡುಗನು ತಂಗಿಗೆ ಓದಿ ಹೇಳಲಿ. ತಪ್ಪಿದ ಪ್ರತಿಯೊಂದು ಪದವನ್ನೂ ಹಿಡಿದು ನಿಲ್ಲಿಸಬಾರದು. ಮನೆಮಾತಿನಲ್ಲಿ ಕಥೆಯನ್ನು ಮೊದಲು ಕೇಳಿದ್ದರೆ ಪುಸ್ತಕದಲ್ಲಿ ಅದು ಹಳೆಯ ನಂಟನಂತೆ ಸಿಕ್ಕುವುದು. ಅಕ್ಷರವರಿಯದ ತಾಯಿಯೂ ಎದುರಿಗೆ ಕುಳಿತು "ಆಮೇಲೆ ಏನಾತಪ್ಪಾ?" ಎಂದು ಕೇಳಬಹುದು. ನಮ್ಮ ಎಣಿಕೆಯಲ್ಲಿ ಪರೀಕ್ಷಕರ ಹತ್ತು ಪ್ರಶ್ನೆಗಳಿಗಿಂತ ಈ ಒಂದು ಪ್ರಶ್ನೆ ಮೇಲು.

2020ರಲ್ಲಿ ಸರ್ಕಾರದವರು 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಹೂಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಹಣವಿಲ್ಲದೆ ಸದಸ್ಯತ್ವ ಕೊಡತೊಡಗಿದರು. ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದು, ಅದರ ಹೆಸರಿನಲ್ಲಿಯೇ ಪುಸ್ತಕವನ್ನು ಬರೆಯಿಸಿರಿ. ಆಯ್ಕೆ ಅದರದೇ ಆಗಲಿ. ಚಿತ್ರ ಹೆಚ್ಚಾಗಿ ಮಾತು ಕಡಿಮೆಯಿದ್ದರೂ ಚಿಂತೆಯಿಲ್ಲ. ಅರ್ಧಕ್ಕೇ ಬೇಸತ್ತು ಮರಳಿಸಿದರೆ ಗದರದೆ ಇನ್ನೊಂದನ್ನು ತರಗೊಡಿರಿ.